ಗುಜರಿಗೆ ಹೋದ ಕುರ್ಚಿಗಳ ಚರಿತ್ರೆ

ಚರಿತ್ರೆ ಎಂದ ಕೂಡಲೇ ನಮಗೆ ನೆನಪಾಗುವುದು ಶಿಲಾಶಾಸನ, ತಾಮ್ರಪಟ, ನಾಣ್ಯ, ಕೋಟೆ ಕೊತ್ತಲ. ನಾವು ದಿನವೂ ಕುಳಿತೇಳುವ ಕುರ್ಚಿಗೂ ಒಂದು ಚರಿತ್ರೆ ಇದ್ದೀತೆಂದು ಸಾಮಾನ್ಯವಾಗಿ ಯಾರೂ ಯೋಚಿಸುವುದಿಲ್ಲ. ಅದರ ಕಾಲು ಅಲ್ಲಾಡತೊಡಗಿದರೆ ಮೂಲೆಗೆ ತಳ್ಳುತ್ತೇವೆ. ಮೂಲೆಯಿಂದ ಅಟ್ಟಕ್ಕೆ, ಅಟ್ಟದಿಂದ ಗುಜರಿಯವನ ಗಾಡಿಗೆ. ಅಲ್ಲಿಗೆ ಅದರ ಕಥೆ ಮುಗಿಯಿತೆಂದು ನಮ್ಮ ನಂಬಿಕೆ. ಆದರೆ ಕೆಲವು ವಸ್ತುಗಳ ವಿಷಯದಲ್ಲಿ ಕಥೆ ಗುಜರಿಯಲ್ಲಿಯೇ ಆರಂಭವಾಗುತ್ತದೆ.

ಅಂಥ ಒಂದು ಕಥೆಯನ್ನು ಇಲ್ಲಿ ನೋಡೋಣ. ಸ್ವತಂತ್ರ ಭಾರತವು ತನಗಾಗಿ ಕಟ್ಟಿಕೊಂಡ ಚಂಡೀಗಢ ನಗರದ ಸರಕಾರಿ ಕಚೇರಿಗಳಿಗೆಂದು ಸಾವಿರಾರು ಕುರ್ಚಿ ಮೇಜುಗಳು ತಯಾರಾದವು. ಗುಮಾಸ್ತರು ಅವುಗಳ ಮೇಲೆ ಕುಳಿತು ಕಡತ ಬರೆದರು, ವಿದ್ಯಾರ್ಥಿಗಳು ಓದಿದರು, ವಕೀಲರು ವಾದಕ್ಕೆ ಕಾದರು. ಮುರಿದಾಗ ಅವು ರಾಶಿಯ ಲೆಕ್ಕದಲ್ಲಿ ಹರಾಜಾದವು. ಇಂದು ಅದೇ ಕುರ್ಚಿಗಳು ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ನಗರಗಳ ಹರಾಜು ಮಂದಿರಗಳಲ್ಲಿ ಲಕ್ಷಗಟ್ಟಲೆ ರೂಪಾಯಿ ಬಾಳುತ್ತವೆ. ಮರ ಅದೇ, ಬೆತ್ತ ಅದೇ, ಕಾಲುಗಳೂ ಅವೇ. ಹಾಗಾದರೆ ಬದಲಾದದ್ದು ಏನು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಹಳೆಯ ವಸ್ತುವನ್ನು ಪತ್ತೆ ಹಚ್ಚುವುದು ಎಂದರೇನು, ಅದಕ್ಕೆ ಹೊಸ ಜೀವ ಕೊಡುವುದು ಎಂದರೇನು ಎಂಬ ಎರಡೂ ವಿಷಯಗಳು ಸ್ಪಷ್ಟವಾಗುತ್ತವೆ.

ಮಣೆಯಿಂದ ಕುರ್ಚಿಗೆ

ನಮ್ಮ ಜನಸಾಮಾನ್ಯರ ಮನೆಗಳಿಗೆ ಕುರ್ಚಿ ಬಂದದ್ದು ತೀರ ಈಚೆಗೆ. ಮಲಗಲು ಚಾಪೆ, ಊಟಕ್ಕೆ ಮಣೆ, ಬಂದವರಿಗೆ ಜಗಲಿ, ಸ್ಥಿತಿವಂತರ ಮನೆಯಾದರೆ ಒಂದು ತೂಗುಮಂಚ. ಇಷ್ಟರಲ್ಲಿ ಬಾಳು ಸಾಗುತ್ತಿತ್ತು. ಎತ್ತರದ ಪೀಠವು ದೇವರಿಗೆ, ಅರಸನಿಗೆ, ಗುರುವಿಗೆ ಮೀಸಲು. ಇದಕ್ಕೆ ನಾವಾಡುವ ಮಾತುಗಳೇ ಸಾಕ್ಷಿ. ಚಾಪೆ, ಮಣೆ, ಮಂಚ ನಮ್ಮಲ್ಲಿ ಬಹು ಕಾಲದಿಂದ ಇರುವ ಶಬ್ದಗಳು. 'ಕುರ್ಚಿ' ಅರಬ್ಬಿ ಮೂಲದ ಶಬ್ದ, ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದದ್ದು. 'ಅಲಮಾರು' ಪೋರ್ಚುಗೀಸರದು. 'ಬೆಂಚು' ಇಂಗ್ಲಿಷರದು. ವಸ್ತುವಿನೊಡನೆ ಹೆಸರೂ ಹಡಗು ಹತ್ತಿ, ಕುದುರೆ ಏರಿ ಬಂದಿತು.

ಬಳಸಿದ ಪೀಠೋಪಕರಣಗಳ ವ್ಯಾಪಾರಕ್ಕೂ ಒಂದು ಹಿನ್ನೆಲೆಯಿದೆ. ಬ್ರಿಟಿಷ್ ಅಧಿಕಾರಿಗಳಿಗೆ ಪದೇ ಪದೇ ವರ್ಗವಾಗುತ್ತಿತ್ತು. ಭಾರವಾದ ಮಂಚ, ಮೇಜು, ಬೀರುಗಳನ್ನು ಊರಿಂದೂರಿಗೆ ಸಾಗಿಸುವ ಬದಲು, ಹೊರಡುವ ಮೊದಲು ಅವನ್ನು ಹರಾಜು ಹಾಕುವುದು ರೂಢಿ. ಹೊಸದಾಗಿ ಬಂದವರು ಅವನ್ನೇ ಕೊಳ್ಳುತ್ತಿದ್ದರು. ಹೀಗೆ ದಂಡುಪ್ರದೇಶಗಳಿದ್ದ ಊರುಗಳಲ್ಲಿ ಹರಾಜು ಅಂಗಡಿಗಳು ಬೆಳೆದವು. ಕೋಲ್ಕತ್ತದ ರಸೆಲ್ ರಸ್ತೆಯಲ್ಲಿ 1940ರಲ್ಲಿ ಆರಂಭವಾದ ರಸೆಲ್ ಎಕ್ಸ್‌ಚೇಂಜ್ ಇಂಥ ಹರಾಜು ಮಂದಿರಗಳಲ್ಲಿ ಹೆಸರಾದದ್ದು. ಮುಂಬಯಿಯ ಚೋರ್ ಬಜಾರ್ ಹಳೆಯ ಸಾಮಾನುಗಳಿಗೆ ದೇಶವೇ ಬಲ್ಲ ಪೇಟೆ. 1947ರಲ್ಲಿ ಬ್ರಿಟಿಷರು ಹೊರಟಾಗ, ಮುಂದೆ ಜಮೀನ್ದಾರಿ ರದ್ದಾದಾಗ, 1971ರಲ್ಲಿ ಮಾಜಿ ಅರಸರ ರಾಜಧನ ನಿಂತಾಗ, ದೊಡ್ಡ ಮನೆಗಳ ಸಾಮಾನುಗಳು ಒಂದೊಂದಾಗಿ ಇಂಥ ಪೇಟೆಗಳಿಗೆ ಇಳಿದವು.

ಇಂಥ ಕಡೆ ಹುಡುಕಾಡುವವರ ಕಣ್ಣಿಗೆ ಬೀಳುತ್ತಿದ್ದುದು ಯಾವ ಬಗೆಯ ವಸ್ತು? ಸಿಂಹದ ಪಾದದಂತೆ ಕಡೆದ ಕಾಲು, ದಂತದ ಕೆತ್ತನೆ, ಕರಿಮರದ ಹೊಳಪು, ಬೆಲ್ಜಿಯಂ ಕನ್ನಡಿ. ಅಂದರೆ ನೋಡಿದೊಡನೆ 'ಇದು ಬೆಲೆಯುಳ್ಳದ್ದು' ಎಂದು ತಾನೇ ಹೇಳಿಕೊಳ್ಳುವ ವಸ್ತು. ಕೆತ್ತನೆಯಿಲ್ಲದ, ಬಣ್ಣದಲ್ಲಿ ನಂಬರು ಬರೆದ, ಸರಕಾರಿ ಕಚೇರಿಯ ಸಾದಾ ಕುರ್ಚಿಯನ್ನು ಯಾರು ತಿರುಗಿ ನೋಡಿಯಾರು? ಚಂಡೀಗಢದ ಕಥೆಯಲ್ಲಿ ಎಲ್ಲರ ಕಣ್ಣು ತಪ್ಪಿಸಿಕೊಂಡದ್ದು ಈ ಸಾದಾತನವೇ.

ಹೊಸ ನಗರ, ಹೊಸ ಕುರ್ಚಿ

ದೇಶ ವಿಭಜನೆಯಾದಾಗ ಪಂಜಾಬು ತನ್ನ ರಾಜಧಾನಿಯಾದ ಲಾಹೋರನ್ನು ಕಳೆದುಕೊಂಡಿತು. ಲಕ್ಷಾಂತರ ನಿರಾಶ್ರಿತರು ಈಚೆಗೆ ಬಂದರು. ಸರಕಾರ ತಾತ್ಕಾಲಿಕವಾಗಿ ಶಿಮ್ಲಾದಿಂದ ಕೆಲಸ ನಡೆಸಿತು. ಶಿವಾಲಿಕ್ ಬೆಟ್ಟಗಳ ಬುಡದಲ್ಲಿ ಹೊಸ ರಾಜಧಾನಿಯನ್ನು ಕಟ್ಟುವುದೆಂದು ತೀರ್ಮಾನವಾಯಿತು. ಮೊದಲು ನಕ್ಷೆಯ ಹೊಣೆ ಹೊತ್ತವರು ಅಮೆರಿಕದ ಆಲ್ಬರ್ಟ್ ಮೇಯರ್ ಮತ್ತು ಮ್ಯಾಥ್ಯೂ ನೊವಿಕಿ. ನೊವಿಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಕೆಲಸವು ಫ್ರಾನ್ಸಿನಲ್ಲಿ ನೆಲೆಸಿದ್ದ ಲ ಕಾರ್ಬೂಸಿಯೇ ಅವರ ಕೈಗೆ ಬಂದಿತು. ಅವರೊಡನೆ ಇಂಗ್ಲೆಂಡಿನ ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ದಂಪತಿಗಳೂ, ಕಾರ್ಬೂಸಿಯೇ ಅವರ ಸೋದರ ಸಂಬಂಧಿ ಪಿಯರ್ ಜನರೇ ಅವರೂ ಸೇರಿದರು. 1953ರ ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ರಾಜಧಾನಿಯನ್ನು ಉದ್ಘಾಟಿಸಿದರು. ಮೊದಲ ಹಂತದಲ್ಲಿ ಒಂದೂವರೆ ಲಕ್ಷ ಜನರಿಗೆಂದು ನಗರವನ್ನು ಯೋಜಿಸಲಾಗಿತ್ತು.

ಕಾರ್ಬೂಸಿಯೇ ವರ್ಷಕ್ಕೆ ಎರಡು ಬಾರಿ ಬಂದು ಹೋಗುತ್ತಿದ್ದರು. ಫ್ರೈ, ಡ್ರೂ ದಂಪತಿಗಳು ಮೂರು ವರ್ಷ ಇದ್ದರು. ಜನರೇ ಮಾತ್ರ 1951ರಿಂದ 1965ರ ವರೆಗೆ ಅಲ್ಲಿಯೇ ನಿಂತರು. ಕಟ್ಟಡಗಳ ಮೇಲ್ವಿಚಾರಣೆ, ಶಾಲೆ, ವಸತಿಗೃಹ, ವಿಶ್ವವಿದ್ಯಾನಿಲಯದ ಕೆಲಸ ಎಲ್ಲವೂ ಅವರ ಮೇಲೆ ಬಿದ್ದಿತು. ಅವರೊಡನೆ ದುಡಿದವರು ಭಾರತದ ತರುಣ ವಾಸ್ತುಶಿಲ್ಪಿಗಳು: ಯೂಲಿ ಚೌಧುರಿ, ಎಂ. ಎನ್. ಶರ್ಮಾ, ಆದಿತ್ಯ ಪ್ರಕಾಶ್, ಜೀತ್ ಮಲ್ಹೋತ್ರಾ ಮೊದಲಾದವರು. 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡ ಜನರೇ ಅವರ ಚಿತಾಭಸ್ಮವನ್ನು ಅವರ ಇಚ್ಛೆಯಂತೆ 1970ರಲ್ಲಿ ಚಂಡೀಗಢದ ಸುಖ್ನಾ ಕೆರೆಯಲ್ಲಿ ವಿಸರ್ಜಿಸಲಾಯಿತು. ಆ ಊರನ್ನು ಅವರು ಎಷ್ಟು ಹಚ್ಚಿಕೊಂಡಿದ್ದರೆಂಬುದಕ್ಕೆ ಇದೊಂದೇ ಸಾಕು.

ನಗರವೇನೋ ಎದ್ದಿತು. ಹೈಕೋರ್ಟು, ಸಚಿವಾಲಯ, ವಿಧಾನಸಭೆ, ಗ್ರಂಥಾಲಯ, ಕಾಲೇಜು. ಇವುಗಳೊಳಗೆ ಜನ ಕುಳಿತುಕೊಳ್ಳುವುದು ಎಲ್ಲಿ? ಹೊಸ ಕಟ್ಟಡಗಳಿಗೆ ಒಪ್ಪುವಂಥ ಸಾಮಾನು ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುತ್ತಿರಲಿಲ್ಲ. ಹೊರದೇಶದಿಂದ ತರಿಸಲು ಬೊಕ್ಕಸದಲ್ಲಿ ಹಣವಿರಲಿಲ್ಲ. ಜನರೇ ಅವರು 1920ರ ದಶಕದ ಕೊನೆಯಲ್ಲಿ ಕಾರ್ಬೂಸಿಯೇ ಮತ್ತು ಶಾರ್ಲೊಟ್ ಪೆರಿಯಾಂದ್ ಅವರೊಡನೆ ಉಕ್ಕಿನ ಕೊಳವೆಗಳಿಂದ ಮಾಡಿದ ಕುರ್ಚಿಗಳು ಯೂರೋಪಿನಲ್ಲಿ ಹೆಸರಾಗಿದ್ದವು. ಆದರೆ ಇಲ್ಲಿ ಉಕ್ಕು ದುಬಾರಿ. ಅಗ್ಗವಾಗಿ ದೊರೆಯುತ್ತಿದ್ದುದು ಬಡಗಿಯ ದುಡಿಮೆ; ಕೈಗೆ ಒದಗಿದ್ದು ತೇಗ, ಬೀಟೆ ಜಾತಿಯ ಶೀಶಮ್ ಮರ ಮತ್ತು ಬೆತ್ತ. ಆದ್ದರಿಂದ ಉಕ್ಕನ್ನು ಬಿಟ್ಟು ಮರವನ್ನು ಹಿಡಿದರು. ಇದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಬಡತನವೇ ಇಲ್ಲಿ ರೂಪವನ್ನು ನಿರ್ಧರಿಸಿತು.

ಆ ಕುರ್ಚಿಯ ರಚನೆ ನೋಡಿ. ಪಕ್ಕದಿಂದ ನೋಡಿದರೆ ಎರಡು ಕಾಲುಗಳು ಮೇಲೆ ಕೂಡಿ ಕೆಳಗೆ ಅಗಲವಾಗಿ, ಇಂಗ್ಲಿಷಿನ 'ವಿ' ಅಕ್ಷರವನ್ನು ತಲೆಕೆಳಗು ಮಾಡಿದಂತೆ ಕಾಣುತ್ತವೆ. ಕಾಲುಗಳ ಮೇಲೆಯೇ ಕೈಯಿಡುವ ಪಟ್ಟಿ ಕೂರುತ್ತದೆ. ಕುಳಿತುಕೊಳ್ಳುವ ಭಾಗವೂ ಒರಗುವ ಭಾಗವೂ ಬೆತ್ತದ ಹೆಣಿಗೆ. ಬೆತ್ತದ ಕಣ್ಣುಗಳ ಮೂಲಕ ಗಾಳಿ ಆಡುವುದರಿಂದ ಪಂಜಾಬಿನ ಬೇಸಗೆಯಲ್ಲಿ ಬೆನ್ನು ಬೆವರುವುದಿಲ್ಲ. ಕೆತ್ತನೆಯಿಲ್ಲ, ಬಾಗಿಸಿದ ಅಲಂಕಾರವಿಲ್ಲ. ಆದ್ದರಿಂದ ಸಾಮಾನ್ಯ ಹತ್ಯಾರುಗಳಿರುವ ಯಾವ ಬಡಗಿಯೂ ನಕ್ಷೆ ನೋಡಿ ಮಾಡಬಹುದಿತ್ತು. ಕೆಲಸವನ್ನು ಬೇರೆ ಬೇರೆ ಕಾರ್ಖಾನೆಗಳಿಗೆ ಹಂಚಿಕೊಟ್ಟದ್ದರಿಂದ ಒಂದು ಕುರ್ಚಿ ಇನ್ನೊಂದರಂತೆ ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಇರುವುದಿಲ್ಲ. ಒಬ್ಬನ ಕೈಯಲ್ಲಿ ಕಾಲು ತುಸು ದಪ್ಪ, ಇನ್ನೊಬ್ಬನ ಕೈಯಲ್ಲಿ ತುಸು ಓರೆ. ಆ ಬಡಗಿಗಳ ಹೆಸರುಗಳು ಕುರ್ಚಿಗಳ ಮೇಲೆ ಇಲ್ಲ. ಅವರ ಉಳಿಯ ಗುರುತುಗಳು ಮಾತ್ರ ಇವೆ.

ದಾಸ್ತಾನು ವಹಿಯಿಂದ ಹರಾಜಿಗೆ

ಸರಕಾರಿ ಕಚೇರಿಗೆ ಬಂದ ಪ್ರತಿಯೊಂದು ವಸ್ತುವೂ ದಾಸ್ತಾನು ವಹಿಯಲ್ಲಿ ದಾಖಲಾಗಬೇಕು. ಕುರ್ಚಿಯ ಹಿಂಭಾಗದಲ್ಲಿಯೋ ಅಡಿಯಲ್ಲಿಯೋ ಇಲಾಖೆಯ ಹೆಸರಿನ ಮೊದಲ ಅಕ್ಷರಗಳನ್ನೂ ಸಂಖ್ಯೆಯನ್ನೂ ಬಣ್ಣದಲ್ಲಿ ಬರೆಯುತ್ತಾರೆ. ವಹಿಯಲ್ಲಿ ಬರೆದಿರುವುದು 'ಕುರ್ಚಿ, ಮರದ್ದು, ಇಷ್ಟು' ಎಂಬ ವಿವರ ಮಾತ್ರ. ಯಾರು ರೂಪಿಸಿದರು, ಯಾಕೆ ಹಾಗೆ ರೂಪಿಸಿದರು ಎಂಬುದಕ್ಕೆ ವಹಿಯಲ್ಲಿ ಅಂಕಣವಿಲ್ಲ. ಗುಮಾಸ್ತನನ್ನು ದೂರಿ ಫಲವಿಲ್ಲ. ಲೆಕ್ಕಪತ್ರದ ಕಣ್ಣಿಗೆ ವಸ್ತುವಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಕೊನೆಗೆ ಸೊನ್ನೆಯಾಗುತ್ತದೆ.

ಬೆತ್ತಕ್ಕೆ ಆಯುಷ್ಯ ಕಡಿಮೆ. ಕೆಲವು ವರ್ಷಗಳಿಗೊಮ್ಮೆ ಅದನ್ನು ಮತ್ತೆ ಹೆಣೆಸಬೇಕು. ನಮ್ಮ ದೇಶದಲ್ಲಿ ಅಂಧರ ಶಾಲೆಗಳಲ್ಲಿ ಈ ಕಸುಬನ್ನು ಕಲಿಸಿ, ಸರಕಾರಿ ಕಚೇರಿಗಳ ಕುರ್ಚಿ ಹೆಣೆಯುವ ಕೆಲಸವನ್ನು ಅವರಿಗೆ ಕೊಡುವ ಪದ್ಧತಿ ಬಹಳ ಕಾಲ ನಡೆದು ಬಂದಿತು. ಕ್ರಮೇಣ ಉಕ್ಕಿನ ಕುರ್ಚಿ, ಪ್ಲಾಸ್ಟಿಕ್ ಪಟ್ಟಿ, ಸ್ಪಂಜಿನ ದಿಂಬು, ಚಕ್ರದ ಕುರ್ಚಿಗಳು ಬಂದವು. ಬೆತ್ತ ಹರಿದ ಕುರ್ಚಿಯನ್ನು ಹೆಣೆಸುವುದಕ್ಕಿಂತ ಹೊಸದನ್ನು ತರಿಸುವುದು ಸುಲಭವೆನಿಸಿತು. ಹಳೆಯವು ಮಾಳಿಗೆಯ ಮೇಲೆ, ಮೆಟ್ಟಿಲಿನ ಕೆಳಗೆ, ಬಯಲಿನಲ್ಲಿ ರಾಶಿ ಬಿದ್ದವು. ಸಮಿತಿಯೊಂದು ಬಂದು 'ನಿರುಪಯುಕ್ತ' ಎಂದು ಷರಾ ಬರೆಯುತ್ತದೆ, ಅನಂತರ ಹರಾಜು. ಚಂಡೀಗಢದಲ್ಲಿ ನಡೆದದ್ದೂ ಇದೇ. ಕೊಂಡವರಲ್ಲಿ ಗುಜರಿಯವರಿದ್ದರು, ಹಳೆಯ ಸಾಮಾನಿನ ವ್ಯಾಪಾರಿಗಳಿದ್ದರು. ಒಂದೊಂದು ಕುರ್ಚಿಗೆ ಬಿದ್ದದ್ದು ಕೆಲವು ನೂರು ರೂಪಾಯಿ, ಕೆಲವೊಮ್ಮೆ ಅದಕ್ಕೂ ಕಡಿಮೆ. ಎಷ್ಟೋ ಕುರ್ಚಿಗಳು ಸೌದೆಯಾಗಿ ಒಲೆ ಸೇರಿದವು.

ಬಲ್ಲವರು ಬಂದರು

1990ರ ದಶಕದ ಕೊನೆಯ ಹೊತ್ತಿಗೆ ಫ್ರಾನ್ಸಿನ ಕೆಲವು ವ್ಯಾಪಾರಿಗಳು ಚಂಡೀಗಢಕ್ಕೆ ಬರತೊಡಗಿದರು. ಎರಿಕ್ ತುಶಲೋಮ್, ಫ್ರಾನ್ಸ್ವಾ ಲಾಫನೂರ್, ಫಿಲಿಪ್ ಜೂಸ್, ಪ್ಯಾಟ್ರಿಕ್ ಸೆಗಾನ್ ಇವರಲ್ಲಿ ಪ್ರಮುಖರು. ಇಪ್ಪತ್ತನೆಯ ಶತಮಾನದ ನಡುಗಾಲದ ಪೀಠೋಪಕರಣಗಳಿಗೆ ಯೂರೋಪು ಅಮೆರಿಕಗಳಲ್ಲಿ ಬೇಡಿಕೆ ಏರುತ್ತಿದ್ದ ಕಾಲವದು. ಅವರು ಜನರೇ ಅವರ ಕೆಲಸವನ್ನು ಅಭ್ಯಾಸ ಮಾಡಿದ್ದರು, ಹಳೆಯ ಛಾಯಾಚಿತ್ರಗಳನ್ನು ನೋಡಿದ್ದರು. ಆದ್ದರಿಂದ ಬಯಲಿನಲ್ಲಿ ಬಿದ್ದಿದ್ದ ಮುರಿದ ರಾಶಿ ಅವರಿಗೆ ಬೇರೆಯಾಗಿಯೇ ಕಂಡಿತು. ಸರಕಾರಿ ಹರಾಜಿನಲ್ಲಿಯೂ ಸ್ಥಳೀಯ ವ್ಯಾಪಾರಿಗಳ ಕೈಯಿಂದಲೂ ಕೊಂಡು, ಹಡಗಿನಲ್ಲಿ ಸಾಗಿಸಿ, ಅಲ್ಲಿ ದುರಸ್ತಿ ಮಾಡಿಸಿ, ಪ್ರದರ್ಶನಗಳಲ್ಲಿ ಇಟ್ಟರು. ಪುಸ್ತಕಗಳು ಬಂದವು, ಹರಾಜಿನ ಸಚಿತ್ರ ಪಟ್ಟಿಗಳು ಬಂದವು. ಶ್ರೀಮಂತರ ಬೈಠಕಖಾನೆಗಳಲ್ಲಿ ನಮ್ಮ ಗುಮಾಸ್ತರ ಕುರ್ಚಿಗಳು ಸ್ಥಾನ ಪಡೆದವು. ನಗರದ ನಕ್ಷೆಯನ್ನು ಎರಕ ಹೊಯ್ದಿದ್ದ ಚರಂಡಿಯ ಕಬ್ಬಿಣದ ಮುಚ್ಚಳಗಳು ಕೂಡ ಹರಾಜಿಗೆ ಬಂದವು!

ಅಮೆರಿಕದ ಕಲಾವಿದೆ ಏಮಿ ಸೀಗಲ್ 2013ರಲ್ಲಿ 'ಪ್ರಾವೆನೆನ್ಸ್' ಎಂಬ ಚಿತ್ರವನ್ನು ತಯಾರಿಸಿದರು. 'ವಸ್ತುವು ಯಾರ ಯಾರ ಕೈ ದಾಟಿ ಬಂದಿತೆಂಬ ವಿವರ' ಎಂಬುದು ಆ ಹೆಸರಿನ ಅರ್ಥ. ಚಿತ್ರ ಕಥೆಯನ್ನು ಹಿಂದುಮುಂದಾಗಿ ಹೇಳುತ್ತದೆ. ಮೊದಲು ಶ್ರೀಮಂತರ ಮನೆಗಳು, ಆಮೇಲೆ ಹರಾಜು, ಆಮೇಲೆ ದುರಸ್ತಿಯ ಕೊಠಡಿ, ಹಡಗು, ಕೊನೆಗೆ ಚಂಡೀಗಢದ ಕಚೇರಿಗಳು. ಅದೇ ವರ್ಷ ಆ ಚಿತ್ರದ ಒಂದು ಪ್ರತಿಯನ್ನೂ ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯಲ್ಲಿ ಹರಾಜು ಹಾಕಲಾಯಿತು. ವಸ್ತುವಿನ ಕಥೆಗೂ ಬೆಲೆಯುಂಟು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು.

ಇಲ್ಲಿ ನಮ್ಮ ಮನಸ್ಸಿಗೆ ಸಹಜವಾಗಿಯೇ ಕೋಪ ಬರುತ್ತದೆ. ಆದರೆ ಇತಿಹಾಸದ ವಿದ್ಯಾರ್ಥಿ ಎರಡೂ ಕಡೆಯ ವಾದವನ್ನು ಕೇಳಬೇಕು. ವ್ಯಾಪಾರಿಗಳು ಹೇಳುವುದಿಷ್ಟು: ನಾವು ಕದಿಯಲಿಲ್ಲ, ಸರಕಾರವೇ ಹರಾಜು ಹಾಕಿದಾಗ ರಸೀದಿ ಪಡೆದು ಕೊಂಡೆವು, ನಾವು ಕೊಳ್ಳದಿದ್ದರೆ ಅವು ಒಲೆಗೆ ಹೋಗುತ್ತಿದ್ದವು. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಇನ್ನೊಂದು ಕಡೆಯವರು ಕೇಳುವ ಪ್ರಶ್ನೆಯೂ ಬಲವಾದದ್ದೇ: ಬಲ್ಲವನು ಅರಿಯದವನಿಂದ ಅಗ್ಗಕ್ಕೆ ಕೊಂಡರೆ ಅದು ಕಾನೂನಿಗೆ ಸರಿ, ನ್ಯಾಯಕ್ಕೂ ಸರಿಯೆ? ಒಂದು ನಗರದ ಸಾಮಾನು ಚದುರಿಹೋದ ಮೇಲೆ ಆ ನಗರದ ಕಟ್ಟಡಗಳು ಅರ್ಧ ಬರಿದಾದಂತೆ ಅಲ್ಲವೆ? ಕಟ್ಟಡಕ್ಕೆಂದು ಅಳತೆ ನೋಡಿ ಮಾಡಿದ ಕುರ್ಚಿ ಆ ಕಟ್ಟಡದೊಳಗೆ ಇದ್ದಾಗ ಹೇಳುವ ಮಾತನ್ನು ಬೇರೆಲ್ಲಿಯೂ ಹೇಳಲಾರದು.

ಕಾನೂನಿನ ಲೆಕ್ಕ

ಪ್ರಾಚ್ಯವಸ್ತುಗಳನ್ನು ದೇಶದಿಂದ ಹೊರಗೆ ಸಾಗಿಸದಂತೆ ತಡೆಯಲು ನಮ್ಮಲ್ಲಿ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮವಿದೆ. ಅದರ ಪ್ರಕಾರ ಇಂಥ ವಸ್ತುವೊಂದು ಪ್ರಾಚ್ಯವಸ್ತು ಎನಿಸಿಕೊಳ್ಳಲು ಕನಿಷ್ಠ 100 ವರ್ಷ ಹಳೆಯದಾಗಿರಬೇಕು. ಹಸ್ತಪ್ರತಿಯಾದರೆ 75 ವರ್ಷ ಸಾಕು. 1956ರಲ್ಲಿ ಮಾಡಿದ ಕುರ್ಚಿಗೆ ನೂರು ತುಂಬುವುದು 2056ರಲ್ಲಿ. ಅಷ್ಟರವರೆಗೆ ಕಾನೂನಿನ ಕಣ್ಣಿಗೆ ಅದು ಬರಿಯ ಹಳೆಯ ಕುರ್ಚಿ. ನೂರು ತುಂಬದ ಕೃತಿಯನ್ನು 'ಕಲಾನಿಧಿ' ಎಂದು ಘೋಷಿಸಲು ಅವಕಾಶವಿದೆ. ರವೀಂದ್ರನಾಥ ಠಾಕೂರ್, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಮೊದಲಾದವರ ಚಿತ್ರಗಳಿಗೆ ಆ ರಕ್ಷಣೆ ದೊರೆತಿದೆ. ಕಚೇರಿಯ ಕುರ್ಚಿಯನ್ನು ಕಲೆಯೆಂದು ಎಣಿಸುವ ಅಭ್ಯಾಸ ಮಾತ್ರ ನಮಗೆ ಇರಲಿಲ್ಲ.

ಎಚ್ಚರ ಮೂಡಿದ ಮೇಲೆ ಕೆಲಸಗಳು ನಡೆದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯವು ಚಂಡೀಗಢದ ಈ ಪರಂಪರೆಯ ವಸ್ತುಗಳನ್ನು ಮಾರಕೂಡದೆಂದು ಆದೇಶ ಹೊರಡಿಸಿತು. ಕಚೇರಿ, ಕಾಲೇಜು, ಗ್ರಂಥಾಲಯಗಳಲ್ಲಿ ಉಳಿದಿದ್ದವನ್ನು ಎಣಿಸಿದಾಗ 12,000ಕ್ಕೂ ಹೆಚ್ಚು ವಸ್ತುಗಳು ಪಟ್ಟಿ ಸೇರಿದವು. 2016ರಲ್ಲಿ ಚಂಡೀಗಢದ ರಾಜಧಾನಿ ಕಟ್ಟಡಗಳ ಸಮುಚ್ಚಯವು ಕಾರ್ಬೂಸಿಯೇ ಅವರ ಇತರ ಕೃತಿಗಳೊಡನೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಏಳು ದೇಶಗಳ 17 ತಾಣಗಳಲ್ಲಿ ಅದೂ ಒಂದು. 2017ರಲ್ಲಿ ಜನರೇ ವಾಸವಾಗಿದ್ದ ಮನೆ ವಸ್ತುಸಂಗ್ರಹಾಲಯವಾಯಿತು. ಆದರೆ ಆ ಮೊದಲೇ ಕಾನೂನಿನಂತೆ ಮಾರಾಟವಾಗಿ ಹೊರಗೆ ಹೋದವನ್ನು ಮರಳಿ ಪಡೆಯುವ ದಾರಿ ಸುಲಭವಲ್ಲ. ತಾನೇ ರಸೀದಿ ಹರಿದುಕೊಟ್ಟು ಮಾರಿದ್ದನ್ನು ಕೊಡೆಂದು ಕೇಳುವುದು ಹೇಗೆ?

ಹೊಸ ಜೀವ ಎಂದರೇನು?

ಈಗ ಎರಡನೆಯ ಪ್ರಶ್ನೆಗೆ ಬರೋಣ. ಹಳೆಯ ಕುರ್ಚಿಗೆ ಹೊಸ ಜೀವ ಕೊಡುವುದು ಎಂದರೆ ಸಾಮಾನ್ಯವಾಗಿ ನಾವು ತಿಳಿಯುವುದು ಅದನ್ನು ಹೊಸದರಂತೆ ಮಾಡುವುದು ಎಂದು. ಹಳೆಯ ಪಾಲಿಶನ್ನು ಕೆರೆದು, ಮರಳುಕಾಗದದಿಂದ ಉಜ್ಜಿ, ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿದ ಪಾಲಿಶನ್ನು ಬಟ್ಟೆಯಲ್ಲಿ ಬಳಿದರೆ ತೇಗದ ಮರ ಮತ್ತೆ ಹೊಂಬಣ್ಣಕ್ಕೆ ತಿರುಗುತ್ತದೆ. ತೇಗದಲ್ಲಿ ಸ್ವಾಭಾವಿಕವಾಗಿ ಎಣ್ಣೆಯ ಅಂಶವಿರುವುದರಿಂದ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಎಷ್ಟೋ ವರ್ಷ ಮಳೆ ಬಿಸಿಲು ಕಂಡ ತೇಗವೂ ಒಳಗೆ ಗಟ್ಟಿಯಾಗಿರುತ್ತದೆ. ಬೆತ್ತದ ಎಳೆಗಳನ್ನು ನೀರಿನಲ್ಲಿ ನೆನೆಸಿ, ಹಸಿಯಿರುವಾಗಲೇ ಚೌಕಟ್ಟಿನ ತೂತುಗಳ ಮೂಲಕ ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಹೆಣೆಯುತ್ತಾರೆ. ಒಣಗಿದ ಹಾಗೆ ಅದು ಬಿಗಿದು ತಮಟೆಯಂತಾಗುತ್ತದೆ. ಇವೆಲ್ಲ ಮೆಚ್ಚತಕ್ಕ ಕೆಲಸಗಳೇ.

ಆದರೆ ಚಂಡೀಗಢದ ಕುರ್ಚಿಗಳು ನಮಗೆ ಇನ್ನೊಂದು ಪಾಠವನ್ನು ಕಲಿಸುತ್ತವೆ. ಬೆಲೆ ಏರಿದೊಡನೆ ನಕಲಿ ಕುರ್ಚಿಗಳು ಹುಟ್ಟಿಕೊಂಡವು. ಸಾದಾ ರೂಪದ ವಸ್ತುವನ್ನು ನಕಲು ಮಾಡುವುದು ಸುಲಭ. ಹಾಗಾದರೆ ಅಸಲನ್ನು ಗುರುತಿಸುವುದು ಹೇಗೆ? ಆಗ ಎಲ್ಲರೂ ಹುಡುಕತೊಡಗಿದ್ದು ಹಿಂಭಾಗದ ಆ ಬಣ್ಣದ ಅಕ್ಷರಗಳನ್ನು! ಯಾವ ಇಲಾಖೆ, ಎಷ್ಟನೆಯ ಸಂಖ್ಯೆ ಎಂದು ಯಾವನೋ ನೌಕರ ಸೊಟ್ಟಗೆ ಬರೆದಿದ್ದ ಆ ಬರಹವೇ ಕುರ್ಚಿಯ ಜನ್ಮಪತ್ರವಾಯಿತು. ಅಂದವಾಗಿಸುವ ಉತ್ಸಾಹದಲ್ಲಿ ಅದನ್ನು ಕೆರೆದು ಹಾಕಿದ ಕುರ್ಚಿ ಹೊಳೆಯುತ್ತದೆ ನಿಜ, ಆದರೆ ತಾನು ಯಾರೆಂದು ಹೇಳಲಾರದು. ಒಂದು ಶಾಸನವನ್ನು ಸ್ವಚ್ಛ ಮಾಡುವ ನೆಪದಲ್ಲಿ ಅಕ್ಷರಗಳನ್ನೇ ಉಜ್ಜಿ ಅಳಿಸಿದಂತೆ ಇದು.

ಹೆಸರಿನ ವಿಷಯದಲ್ಲಿಯೂ ಇಂಥದೇ ಅಳಿಸುವಿಕೆ ನಡೆದಿದೆ. ಹರಾಜಿನ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣುವುದು ಜನರೇ ಅವರ ಹೆಸರೊಂದೇ. ಆದರೆ ಈ ಪೀಠೋಪಕರಣಗಳ ವಿನ್ಯಾಸದಲ್ಲಿ ಯೂಲಿ ಚೌಧುರಿಯವರ ಪಾಲಿದೆ. ಆಸ್ಟ್ರೇಲಿಯದಲ್ಲಿ ಓದಿ ಬಂದು, ಫ್ರೆಂಚ್ ಭಾಷೆ ಬಲ್ಲವರಾಗಿ ಆ ತಂಡದಲ್ಲಿ ದುಡಿದ ಅವರು ಮುಂದೆ ಚಂಡೀಗಢದ ಮುಖ್ಯ ವಾಸ್ತುಶಿಲ್ಪಿಯಾದರು. ಬೆತ್ತ ಹೆಣೆದವರ, ಮರ ಕೊಯ್ದವರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ವಸ್ತುವಿಗೆ ಹೊಸ ಜೀವ ಕೊಡುವುದೆಂದರೆ ಅದನ್ನು ಮಾಡಿದ ಕೈಗಳ ನೆನಪನ್ನೂ ಉಳಿಸುವುದು ಎಂದು ತಿಳಿದರೆ, ನಮ್ಮ ಕೆಲಸ ಪಾಲಿಶಿಗೆ ಮುಗಿಯುವುದಿಲ್ಲ.

ಕಸುಬನ್ನು ಉಳಿಸುವುದೂ ಹೊಸ ಜೀವವೇ. ನಮ್ಮ ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಎಂಬ ಸಂಸ್ಥೆ ಮೊದಲು ಹಳೆಯ ಪೀಠೋಪಕರಣಗಳನ್ನು ಹುಡುಕಿ ಮಾರುವುದರಿಂದ ಆರಂಭವಾಗಿ, ಅನಂತರ ಚಂಡೀಗಢದ ಮಾದರಿಗಳನ್ನು ತೇಗ ಬೆತ್ತಗಳಲ್ಲಿ ಕೈಯಿಂದಲೇ ಮತ್ತೆ ಮಾಡಿಸುವ ಕೆಲಸಕ್ಕೆ ತಿರುಗಿತು. ಹೊಸದನ್ನು ಹೊಸದೆಂದೇ ಹೇಳಿ ಮಾರಿದರೆ ಅದು ನಕಲಿಯಲ್ಲ. ಹಳೆಯ ಕುರ್ಚಿ ದೂರ ಹೋದರೂ ಅದನ್ನು ಮಾಡುವ ವಿದ್ಯೆ ಊರಿನಲ್ಲಿ ಉಳಿಯುವುದು ಸಣ್ಣ ಸಂಗತಿಯಲ್ಲ.

ನೀವು ಹುಡುಕ ಹೊರಟಾಗ

ಚಂಡೀಗಢದಂಥ ಕುರ್ಚಿ ಎಲ್ಲರಿಗೂ ಸಿಗುವುದಿಲ್ಲ. ಲಕ್ಷ ರೂಪಾಯಿಯ ಆಸೆಯಿಂದ ಹುಡುಕುವುದೂ ಬೇಡ. ಆದರೆ ನಮ್ಮ ಹಳೆಯ ಶಾಲೆ, ಕಾಲೇಜು, ಗ್ರಂಥಾಲಯ, ತಾಲ್ಲೂಕು ಕಚೇರಿಗಳಲ್ಲಿ, ಅಜ್ಜನ ಮನೆಯ ಅಟ್ಟದಲ್ಲಿ, ಹಳೆಯ ಮರ ಮಾರುವವರ ಅಂಗಡಿಯಲ್ಲಿ ಓದಲು ಕಾದಿರುವ ವಸ್ತುಗಳು ಬೇಕಾದಷ್ಟಿವೆ. ಓದುವ ಕ್ರಮವನ್ನು ಮಾತ್ರ ಕಲಿಯಬೇಕು.

ಮೊದಲು ವಸ್ತುವನ್ನು ತಲೆಕೆಳಗು ಮಾಡಿ ನೋಡಿ. ಮುಂಭಾಗಕ್ಕೆ ಬಣ್ಣ ಬಳಿದು ಮೋಸಗೊಳಿಸಬಹುದು. ಅಡಿಭಾಗ ಸುಳ್ಳು ಹೇಳುವುದು ಅಪರೂಪ. ಅಲ್ಲಿ ಉಜ್ಜುಗೊರಡಿನ ಅಲೆಗಳು ಕೈಗೆ ತಾಗಿದರೆ ಅದು ಕೈಕೆಲಸ. ಕಾಲು ಚೌಕಟ್ಟಿಗೆ ಕೂಡುವ ಜಾಗ ನೋಡಿ: ಒಂದು ತುಂಡಿನ ತುದಿಯನ್ನು ನಾಲಗೆಯಂತೆ ಕಡೆದು ಇನ್ನೊಂದರ ಗುಳಿಯೊಳಗೆ ಕೂರಿಸಿದ್ದರೆ ಬಡಗಿ ಕಸುಬು ಬಲ್ಲವನು, ಬರಿಯ ಮೊಳೆ ಹೊಡೆದಿದ್ದರೆ ಅವಸರದ ಕೆಲಸ. ಎತ್ತಿ ನೋಡಿ, ತೂಕವು ಮರದ ಜಾತಿಯ ಸುಳಿವು ಕೊಡುತ್ತದೆ. ಅಕ್ಷರ, ಸಂಖ್ಯೆ, ಮುದ್ರೆ, ಕಾಗದದ ಚೀಟಿ ಏನಿದ್ದರೂ ಮುಟ್ಟುವ ಮೊದಲು ಚಿತ್ರ ತೆಗೆದು, ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಎಂದು ಬರೆದಿಡಿ. ಆಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಧೂಳು ತೆಗೆದು ಕೂಡಲೇ ಒಣಗಿಸಿ. ಅಷ್ಟರಲ್ಲಿಯೇ ಎಷ್ಟೋ ವಸ್ತುಗಳು ಕಣ್ಣು ತೆರೆಯುತ್ತವೆ.

ದುರಸ್ತಿ ಮಾಡುವಾಗ ಒಂದು ನಿಯಮವನ್ನು ನೆನಪಿಡಿ. ಇಂದು ನೀವು ಮಾಡಿದ್ದನ್ನು ನಾಳೆ ಇನ್ನೊಬ್ಬ ಬಿಚ್ಚಿ ಸರಿಪಡಿಸಲು ಆಗುವಂತಿರಬೇಕು. ಹಳೆಯ ಬಡಗಿಗಳು ಬಳಸುತ್ತಿದ್ದ ವಜ್ರ ಬಿಸಿ ತಗುಲಿದರೆ ಸಡಿಲುತ್ತದೆ. ಇಂದಿನ ಕೆಲವು ಅಂಟುಗಳು ಒಮ್ಮೆ ಹಿಡಿದರೆ ಮರ ಒಡೆದರೂ ಬಿಡುವುದಿಲ್ಲ. ಮುರಿದ ತುಂಡನ್ನು ಬಿಸಾಡಬೇಡಿ, ಅದನ್ನೇ ಕೂಡಿಸಲು ಸಾಧ್ಯವೆ ನೋಡಿ. ಬದಲಾಯಿಸಲೇಬೇಕಾದರೆ ಅಗತ್ಯವಿದ್ದಷ್ಟನ್ನು ಮಾತ್ರ ಬದಲಾಯಿಸಿ. ಕೈ ತಾಗಿ ತಾಗಿ ನುಣುಪಾದ ತೋಳು, ಮಕ್ಕಳು ಗೀಚಿದ ಹೆಸರು, ಮಸಿಕುಡಿಕೆ ಇಟ್ಟ ಗುಂಡನೆಯ ಕಲೆ ಇವು ಕೊಳೆಯಲ್ಲ, ದಾಖಲೆ.

ನಿಮ್ಮ ಕಾಲೇಜಿನಲ್ಲಿ ಹಳೆಯ ಸಾಮಾನುಗಳ ವಿಲೇವಾರಿ ನಡೆಯುವುದಾದರೆ ಅಧ್ಯಾಪಕರ ಅನುಮತಿ ಪಡೆದು ಒಂದು ದಿನ ಅವುಗಳ ಪಟ್ಟಿ ತಯಾರಿಸಿ. ಯಾವ ವರ್ಷದ್ದು, ಯಾವ ಮರ, ಯಾರು ಮಾಡಿದ್ದು ಎಂದು ಹಿರಿಯ ನೌಕರರನ್ನು ಕೇಳಿ; ಹಳೆಯ ವಾರ್ಷಿಕ ಸಂಚಿಕೆಯ ಚಿತ್ರಗಳಲ್ಲಿ ಅದೇ ಬೆಂಚು ಇದೆಯೇ ಹುಡುಕಿ. ದಾಸ್ತಾನು ವಹಿಯಲ್ಲಿ ಇಲ್ಲದ ಅಂಕಣವನ್ನು ನೀವು ತುಂಬಿದಂತಾಗುತ್ತದೆ. ಎಲ್ಲವನ್ನೂ ಉಳಿಸಿಕೊಳ್ಳಲು ಯಾವ ಊರಿಗೂ ಸ್ಥಳವಿಲ್ಲ, ಮಾರುವುದನ್ನು ಮಾರಲೇಬೇಕು. ಆದರೆ ಏನನ್ನು ಮಾರುತ್ತಿದ್ದೇವೆ ಎಂಬುದನ್ನು ಅರಿತು ಮಾರುವುದಕ್ಕೂ, ಅರಿಯದೆ ಕೈಬಿಡುವುದಕ್ಕೂ ಅಂತರವಿದೆ. ಚಂಡೀಗಢದ ಬಯಲಿನಲ್ಲಿ ಆ ರಾಶಿಯ ಪಕ್ಕದಲ್ಲಿಯೇ ದಿನವೂ ಸಾವಿರಾರು ಜನ ಓಡಾಡುತ್ತಿದ್ದರು. ಓದಿಕೊಂಡು ಬಂದ ನಾಲ್ಕು ಜನರಿಗೆ ಮಾತ್ರ ಅದು ಕಂಡಿತು. ಮುಂದಿನ ರಾಶಿಯ ಪಕ್ಕದಲ್ಲಿ ಹಾದುಹೋಗುವಾಗ ಕಾಣುವ ಕಣ್ಣು ನಮ್ಮ ಊರಿನವರದೇ ಆಗಿರಲಿ.